ಅಮಾಸಿಗೆ ಹೊರಟ ಚಂದ್ರ

ಹೋದ ತಿಂಗಳು ನಮ್ಮ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಅವರ ಫೋಟೋ ಬಂತು. ಕೆಳಗೆ ಯಾರೋ ದೀಪ ಹಾಕಿದರು, ಯಾರೋ ಕೈಮುಗಿದರು. ಒಬ್ಬರು ಅವಸರದಲ್ಲಿ ಹೆಬ್ಬೆರಳು ಎತ್ತಿದ ಗುರುತು ಒತ್ತಿ, ಅರ್ಧ ನಿಮಿಷದಲ್ಲಿ ಅಳಿಸಿದರು. ಅದನ್ನು ಅವರು ನೋಡಿದ್ದರೆ ಮೊದಲು ನಗುತ್ತಿದ್ದರು, ಆಮೇಲೆ ಅರ್ಧ ಗಂಟೆ ಬೈಯುತ್ತಿದ್ದರು. ಗುರುತು ಎಂದರೆ ಹುಡುಗಾಟವಲ್ಲ, ಇಡುವ ಮೊದಲು ಅದು ಏನು ಹೇಳುತ್ತದೆ ಎಂದು ಕೇಳಿಕೊಳ್ಳಬೇಕು ಎನ್ನುವುದು ಅವರ ಜೀವಮಾನದ ತಕರಾರು.

ದಾಂಡೇಲಿಯ ನಮ್ಮ ಹೈಸ್ಕೂಲಿನಲ್ಲಿ ಅವರು ಡ್ರಾಯಿಂಗ್ ಮಾಸ್ತರರು, ನಾನು ವಿಜ್ಞಾನದವಳು. ಹದಿನೆಂಟು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಎದುರುಬದುರು ಕೂತವರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಊರಿನ ಅರ್ಧ ಬೋರ್ಡುಗಳನ್ನು ಬರೆದ ಮನುಷ್ಯ ಒಂದರ ಮೂಲೆಯಲ್ಲೂ ತನ್ನ ಹೆಸರು ಹಾಕಲಿಲ್ಲ, ನಾನೇಕೆ ಹಾಕಲಿ.

ಎತ್ತರದ ಆಳು. ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು, ಅಂಗಿಯ ತೋಳಿಗೆ ಟರ್ಪೆಂಟೈನ್ ವಾಸನೆ. ಚಹಾವನ್ನು ಬಸಿಗೆ ಸುರುವಿಕೊಂಡೇ ಕುಡಿಯಬೇಕು. ಮಾತಾಡುವಾಗ ತೋರುಬೆರಳಿನಿಂದ ಗಾಳಿಯಲ್ಲಿ ಗೆರೆ ಎಳೆಯುತ್ತಿದ್ದರು, ಗೆರೆ ತಪ್ಪಾದರೆ ಅಂಗೈಯಿಂದ ಗಾಳಿಯನ್ನು ಒರೆಸುತ್ತಿದ್ದರು. ಹೊಸದಾಗಿ ಬಂದಾಗ ನನಗೆ ಇದನ್ನು ನೋಡಿ ನಗು ತಡೆಯಲಾಗುತ್ತಿರಲಿಲ್ಲ. ಅವರ ತಂದೆ ಧಾರವಾಡ ಕಡೆಯ ಹಳ್ಳಿಯಿಂದ ಕಾಗದದ ಮಿಲ್ಲಿಗೆ ಬಿದಿರು ಇಳಿಸುವ ಕೆಲಸಕ್ಕೆ ಬಂದವರಂತೆ. ಇವರು ಹುಟ್ಟಿದ್ದು, ಬೆಳೆದದ್ದು ಎಲ್ಲ ಮಿಲ್ಲಿನ ಭೋಂಗಾ ಕೇಳಿಸುವ ಅಂತರದಲ್ಲಿ.

ಊರಿನಲ್ಲಿ ಯಾರಿಗೆ ಒಂದು ಚಿಹ್ನೆ ಬೇಕಾದರೂ ಅವರ ಹತ್ತಿರ ಬರುತ್ತಿದ್ದರು. ಕ್ರಿಕೆಟ್ ತಂಡ, ಆಟೋದವರ ಸಂಘ, ಗಣೇಶ ಮಂಡಳಿ, ಅಂಬಿಕಾನಗರದ ಕಾಲೋನಿಯ ಮಹಿಳಾ ಮಂಡಳ, ಯಾರಿಗೂ ಇಲ್ಲ ಎನ್ನುತ್ತಿರಲಿಲ್ಲ. ಆದರೆ ಕೇಳಿದ್ದನ್ನು ಬರೆದು ಕೊಟ್ಟದ್ದೂ ಇಲ್ಲ. ಬಂದವರನ್ನು ಮೊದಲು ಕೂರಿಸಿ ವಿಚಾರಣೆ ಮಾಡುತ್ತಿದ್ದರು. ಆಟೋದವರು ಸಿಂಹ ಬೇಕೆಂದರು. ದಾಂಡೇಲಿಯ ಅಡವಿಯಲ್ಲಿ ಸಿಂಹ ಕಂಡವರು ಯಾರಾದರೂ ನಿಮ್ಮ ಸಂಘದಲ್ಲಿದ್ದಾರೆಯೇ ಎಂದು ಕೇಳಿ, ಅವರ ಕೈಗೆ ಧ್ರುವನಕ್ಷತ್ರ ಕೊಟ್ಟು ಕಳಿಸಿದರು. ದಾರಿ ತೋರಿಸುವವರಿಗೆ ಕದಲದ ಚುಕ್ಕಿಯೇ ಸರಿ ಎನ್ನುವುದು ಅವರ ವಾದ. ಈಗಲೂ ನಮ್ಮ ಊರಿನ ಹಳೆಯ ಆಟೋಗಳ ಬೆನ್ನ ಮೇಲೆ ಆ ಚುಕ್ಕಿ ಇದೆ, ಬಹಳ ಜನ ಅದನ್ನು ಯಾವುದೋ ಕಂಪನಿಯ ಗುರುತು ಎಂದು ತಿಳಿದಿದ್ದಾರೆ.

ಸಾಂಬ್ರಾಣಿ ಕಡೆಯ ಒಂದು ಸ್ತ್ರೀಶಕ್ತಿ ಸಂಘದವರು ಗುಲಾಬಿ ಕೇಳಿಕೊಂಡು ಬಂದಾಗ ನಾನು ಅಲ್ಲೇ ಇದ್ದೆ. ಇವರು ಒಂದು ಗಂಟೆ ಅವರ ಕಷ್ಟಸುಖ ಕೇಳಿದರು. ಮರುವಾರ ಕರೆದು ಕೊಟ್ಟದ್ದು ಕರಿಕೆಯ ಚಿತ್ರ. ಹೆಂಗಸರ ಮುಖ ಇಳಿದುಹೋಯಿತು. ಗಂಡಸರು ಹೇಗೂ ಹುಲ್ಲಿನ ಹಾಗೆ ನೋಡುತ್ತಾರೆ, ನೀವೂ ಹುಲ್ಲನ್ನೇ ಬರೆದು ಕೊಟ್ಟಿರಲ್ಲ ಎಂದು ಒಬ್ಬಾಕೆ ನೇರವಾಗಿ ಕೇಳಿದಳು. ಇವರು ಶಾಲೆಯ ಅಂಗಳಕ್ಕೆ ಕರೆದೊಯ್ದು, ಹುಡುಗರು ದಿನಾ ತುಳಿಯುವ ಜಾಗದಲ್ಲಿ ಬಾಗಿ ಒಂದು ಎಳೆ ಕಿತ್ತು ತೋರಿಸಿದರು.

"ನೋಡ್ರಿ ಯವ್ವಾ, ಗುಲಾಬಿಗೆ ಒಂದ ಕಡೆ ಬೇರು. ಇದಕ್ಕ ಗಿಣ್ಣು ಗಿಣ್ಣಿಗೂ ಬೇರು. ಒಂದ ಕಡೆ ಹರದ್ರ ಇನ್ನೊಂದ ಕಡೆ ಚಿಗೀತೈತಿ. ಗಣಪ್ಪಗ ಯಾಕ ಇದನ್ನ ಏರಸ್ತೀರಿ, ಗುಲಾಬಿ ಯಾಕ ಅಲ್ಲ?"

ಆ ಹೆಂಗಸರು ಒಪ್ಪಿದರು. ಪೂರ್ತಿ ಮನಸ್ಸಿನಿಂದ ಒಪ್ಪಲಿಲ್ಲ, ಬಣ್ಣವಾದರೂ ಚೆಂದ ಇರಲಿ ಎಂದು ಅಂಚಿಗೆ ಗುಲಾಬಿ ಬಣ್ಣ ಹಾಕಿಸಿಕೊಂಡು ಹೋದರು.

ಬಿದಿರಿನ ವಿಷಯದಲ್ಲಂತೂ ಅವರು ಯಾರ ಮಾತೂ ಕೇಳುತ್ತಿರಲಿಲ್ಲ. ಮಿಲ್ಲಿನ ಊರಾದ್ದರಿಂದ ಎಲ್ಲರಿಗೂ ಬಿದಿರು ಬೇಕು, ಅದರಲ್ಲೂ ಹೂ ಬಿಟ್ಟ ಬಿದಿರು ಬೇಕು. ಹೂ ಬಿಟ್ಟಿತೆಂದರೆ ಆ ಮೆಳೆಯ ಕಥೆ ಮುಗಿಯಿತು ಎಂದು ಹೇಳಿ ಹೇಳಿ ಅವರ ಗಂಟಲು ಬತ್ತುತ್ತಿತ್ತು. ಒಂದು ಮದುವೆಯ ಕಾರ್ಡಿಗೆ ಯಾರೋ ಹೂಬಿದಿರು ಮುದ್ರಿಸಿದ್ದನ್ನು ನೋಡಿ, ಆ ಮದುವೆಗೆ ಹೋಗಿ ಊಟ ಮಾಡಿ ಬರುವಾಗಲೂ ಗೊಣಗುತ್ತಿದ್ದರು. ಊಟ ಚೆನ್ನಾಗಿತ್ತಲ್ಲ ಸರ್ ಎಂದರೆ, ಊಟ ಚೆನ್ನಾಗಿರುವುದಕ್ಕೇ ಹೆಚ್ಚು ಬೇಜಾರು ಎಂದರು.

ವರ್ಷಕ್ಕೊಮ್ಮೆ ಒಂಬತ್ತನೆಯ ತರಗತಿಯವರನ್ನು ಹಳಿಯಾಳ ಕಡೆಯ ಒಂದು ಹೊಲಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಬದುವಿನ ಮೇಲೆ ಒಂದು ಹಳೆಯ ಕಲ್ಲು, ಅದರ ನೆತ್ತಿಯಲ್ಲಿ ಸೂರ್ಯ, ಚಂದ್ರ. ಯಾರೋ ಯಾರಿಗೋ ಭೂಮಿ ಕೊಟ್ಟ ಕಲ್ಲು. ಇವು ಶೋಭೆಗೆ ಕೆತ್ತಿದ್ದಲ್ಲ, ಸಾಕ್ಷಿಗೆ ನಿಲ್ಲಿಸಿದ್ದು ಎಂದು ಮಕ್ಕಳಿಗೆ ಹೇಳುತ್ತಿದ್ದರು. ಕೊಟ್ಟವನು ಸಾಯುತ್ತಾನೆ, ತೆಗೆದುಕೊಂಡವನೂ ಸಾಯುತ್ತಾನೆ, ಇವರಿಬ್ಬರು ಸಾಯುವುದಿಲ್ಲ, ಅದಕ್ಕೇ ಕೊಟ್ಟ ಮಾತು ಸೂರ್ಯಚಂದ್ರರಿರುವ ತನಕ. ಒಬ್ಬ ಹುಡುಗ ಗ್ರಹಣ ಹಿಡಿದಾಗ ಮಾತು ನಡೆಯುತ್ತದೆಯೇ ಸರ್ ಎಂದು ಕೇಳಿದ್ದಕ್ಕೆ ಆ ದಿನವಿಡೀ ಖುಷಿಯಲ್ಲಿದ್ದರು.

ನಮ್ಮ ಶಾಲೆಯ ಲಾಂಛನವೂ ಅವರದೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಬರೆದದ್ದು. ಎರಡು ಬದಿಗೆ ಬಿದಿರಿನ ಗಳ, ಕೆಳಗೆ ಕಾಳಿ ಹೊಳೆ, ಮೇಲೆ ಒಂದು ಕಡೆ ಸೂರ್ಯ, ಇನ್ನೊಂದು ಕಡೆ ಎಳೆಯ ಚಂದ್ರ. ಪ್ರತಿ ಜೂನಿನಲ್ಲಿ ಎಂಟನೆಯ ತರಗತಿಗೆ ಬರುವ ಹೊಸ ಮಕ್ಕಳನ್ನು ಗೇಟಿನ ಮುಂದೆ ನಿಲ್ಲಿಸಿ ಅದರ ಅರ್ಥ ಹೇಳುವುದು ಅವರ ಹಕ್ಕು. ಬಿದಿರು ಒಂಟಿಯಾಗಿ ಬೆಳೆಯುವುದಿಲ್ಲ, ಒಂದನ್ನೊಂದು ಹಿಡಿದುಕೊಂಡು ಏಳುತ್ತದೆ. ಸೂರ್ಯ ಮಾಸ್ತರ, ಚಂದ್ರ ಹುಡುಗ. ಮಾಸ್ತರ ಇದ್ದಷ್ಟೇ ಇರುತ್ತಾನೆ, ಹುಡುಗ ದಿನದಿಂದ ದಿನಕ್ಕೆ ಬೆಳೆಯುತ್ತಾನೆ. ಈ ಮಾತು ಬಂದಾಗ ಹಿಂದೆ ನಿಂತ ನಾವು ಮಾಸ್ತರರೆಲ್ಲ ಮುಖ ಮುಖ ನೋಡಿಕೊಳ್ಳುತ್ತಿದ್ದೆವು.

ಇಂಥ ಒಂದು ಜೂನಿನಲ್ಲಿ ತೇರಗಾಂವದ ಒಬ್ಬ ಹೆಣ್ಣುಮಗಳು ಮಗಳನ್ನು ಸೇರಿಸಲು ಬಂದಿದ್ದಳು. ಹೊಲಮನೆ ಕೆಲಸದವಳು. ದಾಂಡೇಲಿಯ ಮಿಲ್ಲಿನಲ್ಲಿ ಕೆಲಸದಲ್ಲಿದ್ದ ಅಣ್ಣನ ಮನೆಯಲ್ಲಿ ಮಗಳನ್ನು ಬಿಟ್ಟು ಓದಿಸುವ ವಿಚಾರ. ಮಾಸ್ತರರ ಭಾಷಣ ಮುಗಿಯುವ ತನಕ ಸೆರಗು ಹೊದ್ದು ಸುಮ್ಮನೆ ಕೇಳಿದಳು. ಆಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು.

"ಅಕ್ಕಾರ, ಸರ್ ಈ ಚಂದ್ರಾಮ ಬೆಳಿಯಾಕತ್ತಾನ ಅಂತಾರಲ್ಲ, ಇಂವ ಅಮಾಸಿಗಿ ಹೊಂಟಾನ್ರಿ. ನಾ ನಸುಕಿನ್ಯಾಗ ದನಕ್ಕ ಮೇವು ಹಾಕೂಮುಂದ ಇಂವನ್ನ ನೋಡ್ತೇನಿ. ಸಂಜೀ ಚಂದ್ರಾಮನ ಬೆನ್ನು ಆ ಕಡೆ ಇರ್ತೈತ್ರಿ."

ಮೆಲ್ಲಗೆ ಹೇಳಿದರೂ ಅವರಿಗೆ ಕೇಳಿಸಿತು. ಗೇಟಿನತ್ತ ನೋಡಿದರು. ಚಂದ್ರನ ಬೆನ್ನು ಎಡಕ್ಕಿತ್ತು, ಕೊಂಬು ಬಲಕ್ಕಿದ್ದವು. ಬೆಳೆಯುವ ಚಂದ್ರನಿಗೆ ಬೆನ್ನು ಬಲಕ್ಕಿರಬೇಕು. ಅವರು ಗಾಳಿಯಲ್ಲಿ ಬೆರಳೆತ್ತಿ ಒಮ್ಮೆ ಹೀಗೆ, ಒಮ್ಮೆ ಹಾಗೆ ಬರೆದು ನೋಡಿ ಕೈ ಇಳಿಸಿದರು. ಆಕೆಗೆ ತಾನೇನೋ ಅಧಿಕಪ್ರಸಂಗ ಮಾಡಿದೆ ಅನ್ನಿಸಿರಬೇಕು, ಮಗಳ ಕೈ ಹಿಡಿದುಕೊಂಡು ಬಸ್ಸಿನ ಹೊತ್ತಾಯಿತೆಂದು ಹೊರಟುಬಿಟ್ಟಳು.

ಆ ದಿನ ಅವರು ಚಹಾ ಕುಡಿಯಲಿಲ್ಲ. ಹದಿನೈದು ದಿನ ನಸುಕಿನಲ್ಲೂ ಸಂಜೆಯಲ್ಲೂ ಆಕಾಶ ನೋಡಿ, ಮೋಡ ಸರಿದಾಗಲೆಲ್ಲ ಚಿತ್ರ ಬರೆದುಕೊಂಡು, ಆ ವಹಿಯನ್ನು ತಂದು ನನ್ನ ಮುಂದೆ ಇಟ್ಟರು. ಆಕೆ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಮೇಡಂ, ನೀವು ಎಷ್ಟು ವರ್ಷದಿಂದ ಈ ಗೇಟಿನ ಒಳಗೆ ಚಂದ್ರನ ಕಲೆಗಳನ್ನು ಕಲಿಸುತ್ತಿದ್ದೀರಿ ಎಂದು ಕೇಳಿದರು. ವ್ಯಂಗ್ಯವಿರಲಿಲ್ಲ, ನಿಜವಾಗಿಯೂ ಲೆಕ್ಕ ಬೇಕಿತ್ತು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಕಪ್ಪುಹಲಗೆಯ ಮೇಲೆ ಅದೇ ಚಿತ್ರವನ್ನು ಸರಿಯಾಗಿ ಬರೆದು, ಪರೀಕ್ಷೆಯಲ್ಲಿ ತಪ್ಪು ಬರೆದವರ ಅಂಕ ಕಳೆದು, ಸಂಜೆ ಅದೇ ಗೇಟಿನ ಕೆಳಗೆ ಹಾದು ಮನೆಗೆ ಹೋಗುತ್ತಿದ್ದವಳು ನಾನು.

ಹಳೆಯ ಕಲ್ಲುಕುಟಿಗರು ಜಾಣರು ಎಂದು ಅವರು ಆಮೇಲೆ ಹೇಳುತ್ತಿದ್ದರು. ಆ ಕಲ್ಲಿನ ಮೇಲೆ ಚಂದ್ರನನ್ನು ದೋಣಿಯ ಹಾಗೆ ಮಲಗಿಸಿಬಿಟ್ಟಿದ್ದಾರೆ, ಎಡಬಲದ ಜಗಳವೇ ಇಲ್ಲ. ತಾನು ಹುಡುಗತನದಲ್ಲಿ ಚೆಂದ ಕಾಣಲಿ ಎಂದು ಎಬ್ಬಿಸಿ ನಿಲ್ಲಿಸಿದ್ದೇ ತಪ್ಪಾಯಿತು ಎಂದು.

ತಿದ್ದಲು ಅನುಮತಿ ಕೇಳಿದರು. ಹೆಡ್ಮಾಸ್ತರರು ಕೆಟ್ಟವರಲ್ಲ, ಹೆದರುವವರು. ಲಾಂಛನ ಸಂಸ್ಥೆಯ ದಾಖಲೆಯಲ್ಲಿದೆ, ಬದಲಿಸಲು ಆಡಳಿತ ಮಂಡಳಿಯ ಸಭೆ ಆಗಬೇಕು ಎಂದರು. ಸಭೆಯಲ್ಲಿ ವಿಷಯ ಬಂತು, ಚಂದ್ರ ಆ ಕಡೆ ತಿರುಗಿದರೇನು, ಈ ಕಡೆ ತಿರುಗಿದರೇನು ಎಂದು ಯಾರೋ ಅಂದರು, ಎಲ್ಲರೂ ನಕ್ಕರು, ಮುಂದಿನ ವಿಷಯಕ್ಕೆ ಹೋದರು. ಎರಡು ವರ್ಷ ಹೀಗೇ ನಡೆಯಿತು. ಆಮೇಲೆ ಅವರು ಯಾರನ್ನೂ ಕೇಳಲಿಲ್ಲ. ದಸರಾ ರಜೆಯಲ್ಲಿ ಗೇಟಿಗೆ ಬಣ್ಣ ಹಚ್ಚುವ ನೆವದಲ್ಲಿ ಚಂದ್ರನನ್ನು ತಿರುಗಿಸಿದರು. ಮುಂದಿನ ವಾರ್ಷಿಕ ಗ್ಯಾದರಿಂಗಿಗೆ ರಂಗಮಂಚದ ಪರದೆ, ಅದರ ಮುಂದಿನ ವರ್ಷ ಕ್ರೀಡಾಧ್ವಜ ತಿದ್ದಿದರು. ಯಾರೂ ಗಮನಿಸಲಿಲ್ಲ. ಶಾಲೆಯ ಹಳೆಯ ಮೊಹರು ಸವೆದು ಹೊಸದು ಮಾಡಿಸಬೇಕಾದಾಗ ಅದರ ಚಿತ್ರ ಬರೆದುಕೊಟ್ಟವರೂ ಅವರೇ. ಅದರಲ್ಲೂ ಚಂದ್ರ ಸರಿಯಾದ. ನನಗೊಬ್ಬಳಿಗೆ ಗೊತ್ತಿತ್ತು. ನನಗೂ ಒಳಗೊಳಗೇ ಸಂತೋಷವಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಅವರು ನಿವೃತ್ತರಾಗಲು ಎರಡು ತಿಂಗಳು ಉಳಿದಾಗ ಕಾರವಾರದ ಒಂದು ಸರಕಾರಿ ಕಚೇರಿಯಿಂದ ಶಾಲೆಗೆ ಪತ್ರ ಬಂತು. ತೇರಗಾಂವದ ಆ ಹುಡುಗಿ ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಮುಂದೆ ನರ್ಸಿಂಗ್ ಓದಿ, ಸರಕಾರಿ ಆಸ್ಪತ್ರೆಯ ಕೆಲಸಕ್ಕೆ ಆಯ್ಕೆಯಾಗಿದ್ದಳು. ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೆ ನಮ್ಮ ಶಾಲೆ ಕೊಟ್ಟ ಪ್ರಮಾಣಪತ್ರ ಹಾಜರುಪಡಿಸಿದ್ದಳು. ಪ್ರಮಾಣಪತ್ರದ ಹಾಳೆಗಳು ಹಿಂದೆ ಯಾವಾಗಲೋ ಒಟ್ಟಿಗೆ ಮುದ್ರಿಸಿಟ್ಟವು, ತಲೆಯ ಮೇಲೆ ಹಳೆಯ ಲಾಂಛನ. ಕೆಳಗೆ ಒತ್ತಿದ್ದು ಹೊಸ ಮೊಹರು. ಒಂದೇ ಹಾಳೆಯಲ್ಲಿ ಎರಡು ಚಂದ್ರ, ಒಬ್ಬ ಆ ಕಡೆ, ಒಬ್ಬ ಈ ಕಡೆ. ಅಷ್ಟು ವರ್ಷ ಊರಿಗೆ ಊರೇ ನೋಡದ್ದನ್ನು ಅಲ್ಲಿಯ ಒಬ್ಬ ಗುಮಾಸ್ತರು ನೋಡಿದ್ದರು. ಮೊಹರು ನಕಲಿ ಎಂಬ ಅನುಮಾನವಿದೆ, ಎಂಟು ದಿನದೊಳಗೆ ಸ್ಪಷ್ಟೀಕರಣ ಕೊಡದಿದ್ದರೆ ಅಭ್ಯರ್ಥಿಯ ಆಯ್ಕೆ ರದ್ದಾಗುತ್ತದೆ ಎಂದು ಪತ್ರದಲ್ಲಿತ್ತು.

ಹೆಡ್ಮಾಸ್ತರರು ಬೆವರಿದರು. ಮೊಹರು ಶಾಲೆಯ ಅಧಿಕೃತ ಲಾಂಛನಕ್ಕೆ ಹೊಂದುವುದಿಲ್ಲ ಎಂದಷ್ಟೇ ಬರೆದು ಕಳಿಸಿದರೆ ತಾವು ಪಾರು. ಸುಳ್ಳೂ ಅಲ್ಲ. ಹಾಗೆ ಬರೆದರೆ ಹುಡುಗಿ ನಕಲಿ ಕಾಗದ ಕೊಟ್ಟವಳಾಗುತ್ತಾಳೆ, ಕೆಲಸವಂತೂ ಹೋಯಿತು, ಹೆಸರೂ ಹೋಯಿತು. ಇದನ್ನು ನಾನು ಹೇಳಿದಾಗ ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. ಡ್ರಾಯಿಂಗ್ ಮಾಸ್ತರರು ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ನಾನು ಬರೆದುಕೊಡುತ್ತೇನೆ ಎಂದರು. ಹೆಡ್ಮಾಸ್ತರರು ಅವರನ್ನು ತಡೆಯಲು ನೋಡಿದರು. ಹೋಗುವ ಕಾಲಕ್ಕೆ ವಿಚಾರಣೆ, ಸೇವಾ ಪುಸ್ತಕದಲ್ಲಿ ಷರಾ, ಯಾಕೆ ಮೈಮೇಲೆ ಎಳೆದುಕೊಳ್ಳುತ್ತೀರಿ ಎಂದು ಕಳಕಳಿಯಿಂದಲೇ ಕೇಳಿದರು.

ಅವರ ಮೊದಲ ಪತ್ರ ಎರಡು ಪುಟ ಇತ್ತು. ಶುಕ್ಲಪಕ್ಷ, ಕೃಷ್ಣಪಕ್ಷ, ಜೊತೆಗೆ ಅಚ್ಚುಕಟ್ಟಾದ ಆರು ಚಿತ್ರಗಳು. ಓದಿ ನನಗೆ ಕಣ್ಣು ತುಂಬಿತು, ಆದರೆ ಇದು ನಡೆಯುವುದಿಲ್ಲ ಎಂದು ನಾನೇ ಹೇಳಬೇಕಾಯಿತು. ಮೊಹರಿನ ಚಂದ್ರ ಸರಿ, ಮುದ್ರಿಸಿದ್ದು ತಪ್ಪು ಎಂದರೆ ಕಚೇರಿಯವರಿಗೆ ಶಾಲೆಯ ಹಾಳೆಯ ಮೇಲೇ ಅನುಮಾನ ಬರುತ್ತದೆ, ಮತ್ತೆ ಸಭೆ, ಮತ್ತೆ ಪತ್ರ, ಎಂಟು ದಿನ ಮುಗಿದುಹೋಗುತ್ತದೆ. ಅವರಿಗೆ ಆಕಾಶ ಬೇಡ, ಯಾವುದು ಅಧಿಕೃತ ಎಂಬ ಒಂದೇ ಮಾತು ಬೇಕು. ಮಾಸ್ತರರು ಆ ಹಾಳೆಗಳನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟರು. ಹೊಸ ಹಾಳೆ ತೆಗೆದು ಬರೆದದ್ದು ಮೂರೇ ಸಾಲು. ಮುದ್ರಿತ ಲಾಂಛನದ ಚಂದ್ರನೇ ಸರಿಯಾದದ್ದು. ಮೊಹರಿನ ಚಂದ್ರನನ್ನು ನಾನು ಅನುಮತಿಯಿಲ್ಲದೆ, ತಪ್ಪಾಗಿ ಬರೆದಿದ್ದೇನೆ. ಪ್ರಮಾಣಪತ್ರ ನಮ್ಮ ಶಾಲೆಯದೇ, ವಿದ್ಯಾರ್ಥಿನಿ ನಮ್ಮವಳೇ.

ಸಹಿ ಮಾಡುವ ಮೊದಲು ಪೆನ್ನು ಎತ್ತಿ ಹಿಡಿದು ನನ್ನನ್ನು ನೋಡಿದರು.

"ಮೇಡಂ, ನೀವು ವಿಜ್ಞಾನದವ್ರು. ಇದು ಖರೆ ಏನ್ರಿ?"

"ಖರೆ ಅಲ್ರಿ ಸರ್."

ಅವರು ತಲೆಯಾಡಿಸಿ ಸಹಿ ಮಾಡಿದರು. ನನ್ನ ಉತ್ತರ ಬೇಕಾಗಿತ್ತು ಅಂತ ಕಾಣುತ್ತದೆ, ಯಾರಾದರೂ ಒಬ್ಬರು ಅದನ್ನು ಬಾಯಿಬಿಟ್ಟು ಹೇಳಬೇಕಿತ್ತು. ಪತ್ರವನ್ನು ಅಂಚೆಗೆ ಹಾಕಲಿಲ್ಲ. ಮರುದಿನ ಬೆಳಗಿನ ಬಸ್ಸಿಗೆ ಕಾರವಾರಕ್ಕೆ ಹೊರಟು, ಕಚೇರಿಯಲ್ಲಿ ಕೊಟ್ಟು, ಸ್ವೀಕೃತಿ ಬರೆಸಿಕೊಂಡು ಬಂದರು. ಬಂದವರು ನನ್ನಿಂದ ಒಂದು ಮಾತು ತೆಗೆದುಕೊಂಡರು. ಹುಡುಗಿಗೆ ಕಾಗದ ತಡವಾಗಿದೆ, ಬರುತ್ತದೆ ಎಂದಷ್ಟೇ ಹೇಳಬೇಕು. ಚಂದ್ರನ ವಿಷಯ ಅವಳ ಕಿವಿಗಾಗಲಿ, ಅವಳ ತಾಯಿಯ ಕಿವಿಗಾಗಲಿ ಬೀಳಕೂಡದು. ತಾನು ಆಡಿದ ಒಂದು ಮಾತಿನಿಂದ ಮಗಳ ಅನ್ನಕ್ಕೆ ಕಲ್ಲು ಬೀಳುವುದಿತ್ತು ಎಂದು ಗೊತ್ತಾದರೆ ಆ ತಾಯಿ ಇನ್ನು ಯಾವ ಶಾಲೆಯ ಗೇಟಿನಲ್ಲೂ ಬಾಯಿ ಬಿಡುವುದಿಲ್ಲ ಎಂದರು.

ಆಡಳಿತ ಮಂಡಳಿ ಈ ಸಲ ಬೇಗ ಸಭೆ ಸೇರಿತು. ಕರ್ತವ್ಯದಲ್ಲಿ ಬೇಜವಾಬ್ದಾರಿ ಎಂದು ಸೇವಾ ಪುಸ್ತಕದಲ್ಲಿ ಬರೆದರು. ತಿದ್ದಿದ ಕಡೆಯಲ್ಲೆಲ್ಲ ಮೂಲ ಲಾಂಛನವನ್ನು ಅವರೇ ಮತ್ತೆ ಬರೆದುಕೊಡತಕ್ಕದ್ದು ಎಂದು ಆದೇಶವಾಯಿತು. ಅವರು ಧ್ವಜ ಮುಗಿಸಿದರು, ಪರದೆ ಮುಗಿಸಿದರು. ಒಂದು ದಿನ ಪರದೆಯ ಮುಂದೆ ಕುಂಚದಿಂದ ಗಾಳಿಯಲ್ಲಿ ಆ ಗೆರೆ ಎಳೆದು, ಅಂಗೈಯಿಂದ ಒರೆಸುತ್ತಿದ್ದುದನ್ನು ಕಂಡೆ. ಸರಿಯಾದ ಗೆರೆ ಎಳೆಯಲು ಜೀವಮಾನವೆಲ್ಲ ಬಡಿದಾಡಿದ ಕೈ, ಗೊತ್ತಿದ್ದೂ ತಪ್ಪು ಗೆರೆ ಎಳೆಯಬೇಕು. ನನಗೆ ಮಂಡಳಿಯವರ ಮೇಲೆ ಬಂದ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಗೇಟು ಕೊನೆಗೆ ಉಳಿದಿತ್ತು. ಒಂದು ಶನಿವಾರ ಶಾಲೆ ಬಿಟ್ಟ ಮೇಲೆ ಅವರು ಏಣಿ ಹತ್ತಿದರು, ನಾನು ಕೆಳಗೆ ಹಿಡಿದುಕೊಂಡಿದ್ದೆ. ತಿದ್ದಿದ್ದ ಚಂದ್ರನ ಮೇಲೆ ನೀಲಿ ಬಳಿದು, ಹೊಸದರ ಬೆನ್ನನ್ನು ಎಡಕ್ಕೆ ತಿರುಗಿಸಿ ಒಂದು ಕೊಂಬನ್ನು ಮುಗಿಸಿದ್ದರು. ಆಗ ರಸ್ತೆಯ ಆಚೆಯಿಂದ ತಾಯಿಮಗಳು ಬಂದರು. ಹುಡುಗಿಯ ಕೈಯಲ್ಲಿ ಪೇಡೆಯ ಡಬ್ಬಿ. ಆದೇಶ ಕೈಗೆ ಬಂದಿತ್ತು, ಮುಂಡಗೋಡದಲ್ಲಿ ಹಾಜರಾಗಬೇಕಿತ್ತು. ಅವಳು ನನ್ನ ಕಾಲಿಗೆ ಬಗ್ಗಿದಳು. ತಾಯಿ ತಲೆ ಎತ್ತಿ ಗೇಟನ್ನೇ ನೋಡುತ್ತಿದ್ದಳು.

"ಸರ್, ಮತ್ತ ಅಮಾಸಿ ಚಂದ್ರಾಮನ್ನ ಬರದೀರಲ್ರಿ," ಎಂದಳು. ಈಗ ಮೆಲ್ಲಗೆ ಹೇಳಲಿಲ್ಲ, ಮಗಳ ನೌಕರಿಯ ಧೈರ್ಯವಿತ್ತು.

ನಾನು ಬಾಯಿ ತೆರೆದೆ. ಮೇಲಿನಿಂದ ಅವರು ನನ್ನನ್ನು ನೋಡಿದರು. ನಾನು ಬಾಯಿ ಮುಚ್ಚಿಕೊಂಡು ಏಣಿಯನ್ನು ಗಟ್ಟಿಯಾಗಿ ಹಿಡಿದೆ.

"ಹೌದ್ರಿ ಯವ್ವಾ," ಎಂದರು ಅವರು. "ಕೈ ತಪ್ಪಿತು."

ಆಕೆಗೆ ಪಾಪ ಅನ್ನಿಸಿತು. ಸಮಾಧಾನ ಹೇಳಿದಳು.

"ಇರ್ಲಿ ಬಿಡ್ರಿ ಸರ್. ವಯಸ್ಸಾತು, ಆಗ್ತೈತಿ."

ಅವರು ಕೆಳಗಿಳಿದು, ಕೈ ಒರೆಸಿಕೊಂಡು, ಹುಡುಗಿಯ ಡಬ್ಬಿಯಿಂದ ಒಂದು ಪೇಡೆ ತೆಗೆದುಕೊಂಡರು. ಕೆಲಸಕ್ಕೆ ಯಾವತ್ತು ಹಾಜರಾಗುತ್ತೀ, ಉಳಿದುಕೊಳ್ಳುವ ವ್ಯವಸ್ಥೆ ಏನು ಎಂದು ವಿಚಾರಿಸಿದರು. ತಾಯಿಮಗಳು ಬಸ್‌ಸ್ಟ್ಯಾಂಡಿನ ತಿರುವು ದಾಟುವ ತನಕ ನೋಡುತ್ತ ನಿಂತರು. ಪೇಡೆಯನ್ನು ಬಾಯಿಗೆ ಹಾಕಿಕೊಂಡು ಮತ್ತೆ ಏಣಿ ಹತ್ತಿದರು. ಇನ್ನೊಂದು ಕೊಂಬು ಬಾಕಿ ಇತ್ತು.